ಪ್ಲಗಿನ್‌ಗೆ ಹೊರಗಿನ ಸಂಪರ್ಕ ಸಿಗದಿದ್ದಾಗ: ಸರ್ವರಿನ ನೆಟ್‌ವರ್ಕ್ ಸೆಟ್ಟಿಂಗ್‌ಗಳಲ್ಲಿ ತಪ್ಪು ಹುಡುಕುವ ಸಮಗ್ರ ಮಾರ್ಗದರ್ಶಿ

ಗಾಂಧಿಬಜಾರಿನಲ್ಲಿ ಚಟ್ನಿಪುಡಿ, ಹಪ್ಪಳ, ಸಂಡಿಗೆ ಮಾರುವ ಅಂಗಡಿಯೊಂದರ ವರ್ಡ್‌ಪ್ರೆಸ್ ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಗ್ರಾಹಕರು ಪಿನ್‌ಕೋಡ್ ಹಾಕಿದರೆ ಕೊರಿಯರ್ ದರ ತೋರಿಸುವ ಪ್ಲಗಿನ್ ಅದರಲ್ಲಿದೆ. ಗೌರಿ-ಗಣೇಶ ಹಬ್ಬಕ್ಕೆ ಎರಡು ವಾರ ಇದೆ ಅನ್ನುವಾಗ ದರ ಬರುವುದು ನಿಂತುಹೋಯಿತು. ಯಜಮಾನರು ಫೋನ್ ಮಾಡಿ, "ಸಾರ್, ಆ ಕೊರಿಯರ್‌ನವರ ಸೈಟು ನನ್ನ ಮೊಬೈಲಲ್ಲಿ ಚೆನ್ನಾಗೇ ಓಪನ್ ಆಗ್ತಿದೆ. ನಮ್ಮ ಸೈಟಿಗೆ ಮಾತ್ರ ಯಾಕೆ ಸಿಗ್ತಿಲ್ಲ?" ಅಂದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಅದಕ್ಕೆ ಕಿವಿಗೊಡದೆ ಪ್ಲಗಿನ್ ತೆಗೆದು ಮತ್ತೆ ಹಾಕಿದೆ, ಹಳೆಯ ಆವೃತ್ತಿ ಹಾಕಿ ನೋಡಿದೆ, ಪಿಎಚ್‌ಪಿ ಆವೃತ್ತಿ ಬದಲಿಸಿದೆ. ಎರಡು ದಿನ ಕಳೆಯಿತು. ತಪ್ಪು ಇದ್ದದ್ದು ಸರ್ವರಿನ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಸೆಟ್ಟಿಂಗಿನ ಒಂದು ಸಾಲಿನಲ್ಲಿ. ಅಲ್ಲಿಂದೀಚೆಗೆ ಇಂಥ ತೊಂದರೆ ಬಂದಾಗಲೆಲ್ಲ ನಾನು ಒಂದು ಕ್ರಮ ಹಿಡಿದು ಹೋಗುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊಬೈಲಿನಲ್ಲಿ ಸೈಟ್ ತೆರೆಯುವಾಗ ಬೇಡಿಕೆ ಹೋಗುವುದು ನಿಮ್ಮ ಮೊಬೈಲ್ ಜಾಲದ ದಾರಿಯಲ್ಲಿ. ಪ್ಲಗಿನ್ ಕಳಿಸುವ ಬೇಡಿಕೆ ಹೊರಡುವುದು ಮುಂಬೈಯಲ್ಲೋ ಸಿಂಗಪುರದಲ್ಲೋ ಇರುವ ಸರ್ವರಿನಿಂದ, ಅಲ್ಲಿನ ಡಿಎನ್‌ಎಸ್, ಅಲ್ಲಿನ ಫೈರ್‌ವಾಲ್, ಅಲ್ಲಿನ ಐಪಿ ವಿಳಾಸ ಹಿಡಿದು. ಹಾಗಾಗಿ ಪ್ಲಗಿನ್ ಎಲ್ಲಿ ನಿಂತು ಕೂಗುತ್ತಿದೆಯೋ ಅಲ್ಲೇ ನಿಂತು, ಅದೇ ಬಳಕೆದಾರನ ಹೆಸರಿನಲ್ಲಿ ಕೂಗಿ ನೋಡಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಹಂತ 1: ತಪ್ಪಿನ ಸಂದೇಶವನ್ನು ಪೂರ್ತಿಯಾಗಿ ಪಡೆಯಿರಿ

'ಸಂಪರ್ಕ ವಿಫಲ' ಎಂದು ಪರದೆಯ ಮೇಲೆ ಕಾಣುವುದು ಪ್ಲಗಿನ್ ಬರೆದವರು ಸುತ್ತಿಕೊಟ್ಟ ಸಂದೇಶ. ಅದರ ಒಳಗೆ ಕರ್ಲ್ ಎಂಬ ಲೈಬ್ರರಿ ಕೊಟ್ಟ ನಿಜವಾದ ಸಂದೇಶ ಒಂದು ಸಂಖ್ಯೆಯ ಜೊತೆ ಇರುತ್ತದೆ. ನಮಗೆ ಬೇಕಾದದ್ದು ಆ ಸಂಖ್ಯೆ.

ಮೊದಲು ವರ್ಡ್‌ಪ್ರೆಸ್ಸಿನ ಟೂಲ್ಸ್ ಮೆನುವಿನಲ್ಲಿ ಸೈಟ್ ಹೆಲ್ತ್ ಪುಟ ತೆರೆಯಿರಿ. 2019ರಲ್ಲಿ ಬಂದ 5.2 ಆವೃತ್ತಿಯಿಂದ ಅದು ಇದೆ. ವರ್ಡ್‌ಪ್ರೆಸ್ ಡಾಟ್ ಆರ್ಗ್ ಸಿಗುತ್ತಿದೆಯೇ, ಸೈಟ್ ತನ್ನನ್ನು ತಾನೇ ಕರೆಯಬಲ್ಲದೇ, ರೆಸ್ಟ್ ಎಪಿಐ (ಪ್ರೋಗ್ರಾಮುಗಳು ಸೈಟಿನೊಂದಿಗೆ ಮಾತಾಡುವ ಬಾಗಿಲು) ಉತ್ತರಿಸುತ್ತಿದೆಯೇ ಎಂಬ ಮೂರನ್ನೂ ಅದು ಪರೀಕ್ಷಿಸುತ್ತದೆ. ವರ್ಡ್‌ಪ್ರೆಸ್ ಡಾಟ್ ಆರ್ಗ್ ಕೂಡ ಸಿಗುತ್ತಿಲ್ಲ ಅಂದರೆ ನಿಮ್ಮ ಪ್ಲಗಿನ್ನಿನ ತಪ್ಪಲ್ಲ ಎಂದು ಬಹುಮಟ್ಟಿಗೆ ಖಚಿತ.

ಅಷ್ಟರಲ್ಲಿ ತಿಳಿಯದಿದ್ದರೆ ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ಡಬ್ಲ್ಯೂಪಿ_ಡೀಬಗ್ ಮತ್ತು ಡಬ್ಲ್ಯೂಪಿ_ಡೀಬಗ್_ಲಾಗ್ ಎರಡನ್ನೂ ಟ್ರೂ ಮಾಡಿ, ಡಬ್ಲ್ಯೂಪಿ_ಡೀಬಗ್_ಡಿಸ್‌ಪ್ಲೇಯನ್ನು ಫಾಲ್ಸ್ ಮಾಡಿ. ಈ ಹೆಸರುಗಳೆಲ್ಲ ದೊಡ್ಡಕ್ಷರ. ಲಾಗ್ ಫೈಲು ಸಾಮಾನ್ಯವಾಗಿ ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರಿನಲ್ಲಿ ಕೂರುತ್ತದೆ, ವಿಳಾಸ ಊಹಿಸಿದ ಯಾರು ಬೇಕಾದರೂ ಬ್ರೌಸರಿನಲ್ಲಿ ತೆರೆದು ಓದಬಹುದು. ಆದ್ದರಿಂದ ಟ್ರೂ ಬದಲು ಸೈಟಿನ ಫೋಲ್ಡರಿನ ಹೊರಗಿನ ಒಂದು ದಾರಿ ಕೊಡುವುದು ಕ್ಷೇಮ. ವೂಕಾಮರ್ಸ್ ಇದ್ದರೆ ಅದರ ಸ್ಟೇಟಸ್ ಪುಟದಲ್ಲಿ ಲಾಗ್ಸ್ ಎಂಬ ಟ್ಯಾಬ್ ಇದೆ. ಪಾವತಿ, ಕೊರಿಯರ್ ಪ್ಲಗಿನ್‌ಗಳು ಸಾಮಾನ್ಯವಾಗಿ ಅಲ್ಲಿ ಬರೆಯುತ್ತವೆ.

ಸಂಖ್ಯೆ ಸಿಕ್ಕಿತೇ? 6 ಅಂದರೆ ಹೆಸರಿನಿಂದ ವಿಳಾಸ ಸಿಗಲಿಲ್ಲ, ಡಿಎನ್‌ಎಸ್ ಕಡೆ ಹೋಗಿ. 7 ಅಂದರೆ ವಿಳಾಸ ಸಿಕ್ಕಿತು, ಬಾಗಿಲು ತೆರೆಯಲಿಲ್ಲ. 28 ಅಂದರೆ ಸಮಯ ಮೀರಿತು. ಇದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಂಖ್ಯೆ, ಹಂತ 3ರಲ್ಲಿ ಇದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. 35 ಅಂದರೆ ಟಿಎಲ್‌ಎಸ್ ಮಾತುಕತೆ, ಅಂದರೆ ಸಂಪರ್ಕವನ್ನು ಗೂಢಲಿಪಿಯಿಂದ ಭದ್ರ ಮಾಡಿಕೊಳ್ಳುವ ಮಾತುಕತೆ, ಮುರಿಯಿತು. 60 ಅಂದರೆ ಎದುರಿನವರ ಸರ್ಟಿಫಿಕೇಟನ್ನು ನಿಮ್ಮ ಸರ್ವರ್ ನಂಬುತ್ತಿಲ್ಲ.

ಕರ್ಲ್ ಸಂಖ್ಯೆಯ ಬದಲು 401, 403, 429, 500 ಇಂಥ ಉತ್ತರ ಬಂದಿದ್ದರೆ ಬೇಡಿಕೆ ಎಲ್ಲೋ ಒಂದು ವೆಬ್ ಸರ್ವರನ್ನು ಮುಟ್ಟಿ ಬಂದಿದೆ ಎಂದರ್ಥ. 401ಕ್ಕೆ ಎಪಿಐ ಕೀ ನೋಡಿ. 403 ಆದರೆ ಐಪಿ ವಿಳಾಸದ ತಡೆ ಇರಬಹುದು, ಹಂತ 7 ಓದಿ.

ಹಂತ 2: ಸೈಟೇ ತಡೆಯುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ

ಸರ್ವರಿಗೆ ಲಾಗಿನ್ ಆಗುವ ಮೊದಲು ಒಂದು ನಿಮಿಷದ ಕೆಲಸ. ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ಡಬ್ಲ್ಯೂಪಿ_ಎಚ್‌ಟಿಟಿಪಿ_ಬ್ಲಾಕ್_ಎಕ್ಸ್‌ಟರ್ನಲ್ ಎಂಬ ಸಾಲು ಇದೆಯೇ ಹುಡುಕಿ. ಅದು ಟ್ರೂ ಆಗಿದ್ದರೆ ಹೊರಗಿನ ಕರೆಗಳನ್ನೆಲ್ಲ ವರ್ಡ್‌ಪ್ರೆಸ್ ತಾನೇ ತಡೆಯುತ್ತದೆ. ಬಿಡಬೇಕಾದ ಹೆಸರುಗಳನ್ನು ಡಬ್ಲ್ಯೂಪಿ_ಆಕ್ಸೆಸಿಬಲ್_ಹೋಸ್ಟ್ಸ್ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಸೇರಿಸಬೇಕು. ಸೈಟ್ ಜೋರಾಗಿ ಓಡಲಿ, ಭದ್ರವಾಗಿರಲಿ ಎಂದು ಹಿಂದೆ ಯಾರೋ ಈ ಸಾಲು ಹಾಕಿ ಹೋಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಹಂತ 3: ಗಡಿಯಾರ ಹಿಡಿದು ಅಳೆಯಿರಿ

ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಲಾಗಿನ್ ಆಗುವ ವಿಧಾನ) ಮೂಲಕ ಸರ್ವರಿಗೆ ಹೋಗಿ, ಕರ್ಲ್ ಕಮಾಂಡಿಗೆ -ವಿ ಸೇರಿಸಿ, ಪ್ಲಗಿನ್ ಕರೆಯುವ ಎಪಿಐ ವಿಳಾಸ ಕೊಡಿ. ಹೆಸರು ಹುಡುಕಿದ್ದು, ಯಾವ ಐಪಿಗೆ ಹೋಗಿದ್ದು, ಟಿಎಲ್‌ಎಸ್ ಆಗಿದ್ದು, ಉತ್ತರ ಬಂದಿದ್ದು ಎಲ್ಲ ಸಾಲುಸಾಲಾಗಿ ಕಾಣುತ್ತದೆ. ಎಲ್ಲಿ ನಿಂತಿತು ಎಂದು ನೋಡಿಕೊಳ್ಳಿ.

ಗಾಂಧಿಬಜಾರಿನ ಕೆಲಸದಲ್ಲಿ ನಾನು ಎಡವಿದ್ದು ಇಲ್ಲೇ. ಕರ್ಲ್ ಹೊಡೆದೆ, ಉತ್ತರ ಬಂತು. "ನೆಟ್‌ವರ್ಕ್ ಸರಿಯಾಗಿದೆ, ಪ್ಲಗಿನ್ನೇ ಕೆಟ್ಟಿದೆ" ಎಂದು ತೀರ್ಮಾನಿಸಿಬಿಟ್ಟೆ. ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ನೋಡಲಿಲ್ಲ. ಐದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚಾಗಿತ್ತು.

ಹೊರಗಿನ ಕರೆಗೆ ವರ್ಡ್‌ಪ್ರೆಸ್ ತಾನಾಗಿ ಕೊಡುವ ಅವಧಿ 5 ಸೆಕೆಂಡು. ಪ್ಲಗಿನ್ ಬರೆದವರು ಹೆಚ್ಚು ಕೇಳಿಕೊಳ್ಳದಿದ್ದರೆ ಅಷ್ಟರೊಳಗೆ ಉತ್ತರ ಬರಬೇಕು, ಇಲ್ಲವಾದರೆ 28. ಇನ್ನೊಂದು ಕಡೆ, ಲಿನಕ್ಸಿನಲ್ಲಿ ಹೆಸರು ಹುಡುಕುವ ರಿಸಾಲ್ವರ್ ಮೊದಲ ನೇಮ್‌ಸರ್ವರ್ (ಹೆಸರಿಗೆ ಐಪಿ ಹೇಳುವ ಸರ್ವರ್) ಉತ್ತರಿಸದಿದ್ದರೆ ಎರಡನೆಯದಕ್ಕೆ ಹೋಗುವ ಮುನ್ನ ಕಾಯುವ ಅವಧಿಯೂ 5 ಸೆಕೆಂಡು. ಈ ಎರಡು ಐದುಗಳು ಒಂದರ ಮೇಲೊಂದು ಬಿದ್ದಾಗ, ಎರಡನೆಯ ನೇಮ್‌ಸರ್ವರಿನಿಂದ ವಿಳಾಸ ಸಿಗುವ ಹೊತ್ತಿಗೆ ವರ್ಡ್‌ಪ್ರೆಸ್ ಕೈಬಿಟ್ಟಾಗಿರುತ್ತದೆ. ಟರ್ಮಿನಲ್ಲಿನ ಕರ್ಲ್‌ಗೆ ಅಷ್ಟು ಆತುರವಿಲ್ಲ, ಸಂಪರ್ಕಕ್ಕೆ ಅದು ಐದು ನಿಮಿಷದವರೆಗೂ ಕಾಯುತ್ತದೆ. ಹಾಗಾಗಿ ಕೈಯಲ್ಲಿ ಹೊಡೆದಾಗಲೆಲ್ಲ ಉತ್ತರ, ಸೈಟಿನಿಂದ ಹೋದಾಗಲೆಲ್ಲ ಸೋಲು.

ಅದಕ್ಕೇ ಈಗ ಕರ್ಲ್‌ಗೆ -ಡಬ್ಲ್ಯೂ ಎಂಬ ಆಯ್ಕೆ ಕೊಟ್ಟು ನಾಲ್ಕು ಅಂಕಿ ಬರೆಸಿಕೊಳ್ಳುತ್ತೇನೆ: ಟೈಮ್_ನೇಮ್‌ಲುಕಪ್, ಟೈಮ್_ಕನೆಕ್ಟ್, ಟೈಮ್_ಆಪ್‌ಕನೆಕ್ಟ್, ಟೈಮ್_ಟೋಟಲ್. ಪ್ರತಿ ಹೆಸರನ್ನೂ ಶೇಕಡಾ ಚಿಹ್ನೆ ಮತ್ತು ಪುಷ್ಪಾವರಣದೊಳಗೆ ಬರೆಯಬೇಕು. ನಾಲ್ಕೂ ಅಂಕಿಗಳು ಕರೆ ಶುರುವಾದಾಗಿನಿಂದ ಎಣಿಸಿದ್ದು, ಆದ್ದರಿಂದ ಒಂದರಿಂದ ಹಿಂದಿನದನ್ನು ಕಳೆದರೆ ಆ ಹಂತಕ್ಕೆ ಹಿಡಿದ ಹೊತ್ತು. ಮೊದಲ ಅಂಕಿಯೇ 5 ದಾಟಿದ್ದರೆ ಡಿಎನ್‌ಎಸ್. ಮೊದಲನೆಯದು ಚಿಕ್ಕದು, ಎರಡನೆಯದು ದೊಡ್ಡದಾದರೆ ಫೈರ್‌ವಾಲ್ ಅಥವಾ ಐಪಿವಿ6 (ಐಪಿ ವಿಳಾಸದ ಹೊಸ ಬಗೆ; ಹಳೆಯದು ಐಪಿವಿ4). ಮೂರನೆಯದರಲ್ಲಿ ಸಿಕ್ಕಿಕೊಂಡರೆ ಟಿಎಲ್‌ಎಸ್ ಅಥವಾ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ). ಕೊನೆಯದು ಮಾತ್ರ ಎಳೆದಾಡಿದರೆ ಎದುರಿನ ಸೇವೆಯೇ ನಿಧಾನ. ಒಂದೇ ಸಲ ಅಳೆದು ನಂಬಬೇಡಿ, ಐದಾರು ಸಲ ಹೊಡೆಯಿರಿ. ಒಮ್ಮೆ ಸರಿ, ಒಮ್ಮೆ ತಡ ಎಂಬ ಆಟವೂ ಒಂದು ಸುಳಿವೇ.

ಪಿಂಗ್ ಮಾಡಿ ನೋಡುವ ಅಭ್ಯಾಸ ಎಲ್ಲರಿಗೂ ಇದೆ. ಅನೇಕ ಸೇವೆಗಳು ಪಿಂಗಿಗೆ ಉತ್ತರಿಸುವುದೇ ಇಲ್ಲ, ಉತ್ತರಿಸಿದರೂ 443ನೇ ಪೋರ್ಟು ತೆರೆದಿದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಪೋರ್ಟನ್ನು ಎನ್‌ಸಿ ಕಮಾಂಡಿನಿಂದಲೋ ಕರ್ಲ್‌ನಿಂದಲೋ ನೋಡಿ.

ಹಂತ 4: ರೂಟ್ ಆಗಿ ಅಲ್ಲ, ವೆಬ್ ಬಳಕೆದಾರನಾಗಿ ಪರೀಕ್ಷಿಸಿ

ನೀವು ಲಾಗಿನ್ ಆಗಿರುವುದು ರೂಟ್ ಹೆಸರಿನಲ್ಲಿ. ಪ್ಲಗಿನ್ ಓಡುವುದು ಉಬುಂಟು, ಡೆಬಿಯನ್‌ಗಳಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಹೆಸರಿನಲ್ಲಿ, ಆಲ್ಮಾಲಿನಕ್ಸಿನಂಥವುಗಳಲ್ಲಿ ಸಾಮಾನ್ಯವಾಗಿ ಅಪಾಚೆ ಹೆಸರಿನಲ್ಲಿ. ಇಬ್ಬರಿಗೂ ಒಂದೇ ಅನುಮತಿ ಇರುತ್ತದೆ ಎಂದುಕೊಳ್ಳಬೇಡಿ. ಲಿನಕ್ಸಿನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಬಳಕೆದಾರನನ್ನು ನೋಡಿ ತಡೆಯುವ ನಿಯಮ ಬರೆಯಬಹುದು. ಹ್ಯಾಕ್ ಆದ ಸೈಟುಗಳಿಂದ ಸ್ಪ್ಯಾಮ್ ಮೇಲ್ ಹೋಗದಿರಲಿ ಎಂದು ಹಾಕಿದ ಇಂಥ ನಿಯಮ ರೂಟಿಗೆ ತಗಲುವುದಿಲ್ಲ.

ಮೊದಲು ಸುಡೊ -ಯು ಕೊಟ್ಟು, ವೆಬ್ ಬಳಕೆದಾರನ ಹೆಸರಿನಲ್ಲಿ ಅದೇ ಕರ್ಲ್ ಓಡಿಸಿ. ಅದು ಸರಿಹೋದರೂ ಪರೀಕ್ಷೆ ಮುಗಿಯಲಿಲ್ಲ. ಎಸ್‌ಇಲಿನಕ್ಸ್ (ಲಿನಕ್ಸಿನ ಹೆಚ್ಚುವರಿ ಭದ್ರತಾ ವ್ಯವಸ್ಥೆ) ಇರುವ ಸರ್ವರಿನಲ್ಲಿ ತಡೆ ಬಳಕೆದಾರನ ಮೇಲಲ್ಲ, ವೆಬ್ ಪ್ರಕ್ರಿಯೆಯ ಮೇಲೆ. ಅದಕ್ಕೆ ಒಂದು ಚಿಕ್ಕ ಪಿಎಚ್‌ಪಿ ಫೈಲು ಬರೆದು, ಅದರಲ್ಲಿ ಡಬ್ಲ್ಯೂಪಿ-ಲೋಡ್ ಸೇರಿಸಿ, ಡಬ್ಲ್ಯೂಪಿ_ರಿಮೋಟ್_ಗೆಟ್ ಮೂಲಕ ಆ ವಿಳಾಸ ಕರೆದು ಬಂದದ್ದನ್ನು ಅಚ್ಚು ಮಾಡಿಸಿ, ಬ್ರೌಸರಿನಿಂದ ತೆರೆಯಿರಿ. ಪ್ಲಗಿನ್ ಹೋಗುವ ದಾರಿಯಲ್ಲೇ ಇದೂ ಹೋಗುತ್ತದೆ. ಫೈಲಿಗೆ ಊಹಿಸಲಾಗದ ಹೆಸರಿಡಿ, ಕೆಲಸ ಮುಗಿದ ಕೂಡಲೇ ಅಳಿಸಿ. ಡಬ್ಲ್ಯೂಪಿ-ಸಿಎಲ್‌ಐ ಬಳಸಿ ಟರ್ಮಿನಲ್ಲಿನಿಂದ ಇದೇ ಪರೀಕ್ಷೆ ಮಾಡಬಹುದಾದರೂ ಅದು ವೆಬ್ ಸರ್ವರಿಗಾಗಿ ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಮ್ ಒಳಗಿನಿಂದ ಹೋಗುವುದಿಲ್ಲ. ನಾವು ಹಿಡಿಯಬೇಕೆಂದಿರುವ ವ್ಯತ್ಯಾಸವೇ ಕೈತಪ್ಪುತ್ತದೆ.

ಟರ್ಮಿನಲ್ಲಿನಲ್ಲಿ ಸರಿ, ಬ್ರೌಸರಿನಿಂದ ತೆರೆದ ಫೈಲಿನಲ್ಲಿ ಮಾತ್ರ 7ನೇ ಸಂಖ್ಯೆ ಮತ್ತು 'ಪರ್ಮಿಷನ್ ಡಿನೈಡ್' ಕಂಡರೆ ಎಸ್‌ಇಲಿನಕ್ಸನ್ನೇ ಮೊದಲು ಅನುಮಾನಿಸಿ. ಗೆಟ್‌ಎಸ್‌ಇಬೂಲ್ ಕಮಾಂಡಿನಿಂದ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ನೋಡಿ. ಆಫ್ ಇದ್ದರೆ ಸೆಟ್‌ಎಸ್‌ಇಬೂಲ್‌ಗೆ ದೊಡ್ಡಕ್ಷರದ -ಪಿ ಕೊಟ್ಟು ಆನ್ ಮಾಡಿ. -ಪಿ ಬಿಟ್ಟರೆ ಮುಂದಿನ ರೀಬೂಟಿನಲ್ಲಿ ಮತ್ತೆ ಆಫ್. ಎಸ್‌ಇಲಿನಕ್ಸನ್ನೇ ಪೂರ್ತಿ ಆರಿಸಿಬಿಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕಿಟಕಿ ತೆರೆಯಬೇಕಾದ ಕಡೆ ಮನೆಯ ಬಾಗಿಲನ್ನೇ ಕಿತ್ತಂತೆ ಆಗುತ್ತದೆ.

ಪ್ರಾಕ್ಸಿ (ಎಲ್ಲರ ಪರವಾಗಿ ಹೊರಗೆ ಕರೆ ಕಳಿಸುವ ಮಧ್ಯವರ್ತಿ ಸರ್ವರ್) ಮೂಲಕ ಮಾತ್ರ ಹೊರಹೋಗುವ ಕಚೇರಿ ಜಾಲಗಳಲ್ಲೂ ಇದೇ ರೀತಿಯ ವ್ಯತ್ಯಾಸ ಕಾಣುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಕಂಪನಿಗಳ ಒಳ-ಸರ್ವರುಗಳಲ್ಲಿ ಕೆಲಸ ಮಾಡುವವರು ಇದನ್ನು ನೆನಪಿಡಬೇಕು. ನಿಮ್ಮ ಶೆಲ್‌ನಲ್ಲಿ ಪ್ರಾಕ್ಸಿ ವೇರಿಯಬಲ್ ಇರುವುದರಿಂದ ಕರ್ಲ್ ಓಡುತ್ತದೆ. ಪಿಎಚ್‌ಪಿ-ಎಫ್‌ಪಿಎಮ್ ಆ ವೇರಿಯಬಲ್‌ಗಳನ್ನು ತಾನಾಗಿಯೇ ಅಳಿಸಿಬಿಡುತ್ತದೆ. ವರ್ಡ್‌ಪ್ರೆಸ್ಸಿಗೆ ಡಬ್ಲ್ಯೂಪಿ_ಪ್ರಾಕ್ಸಿ_ಹೋಸ್ಟ್, ಡಬ್ಲ್ಯೂಪಿ_ಪ್ರಾಕ್ಸಿ_ಪೋರ್ಟ್ ಎರಡನ್ನೂ ಕಾನ್ಫಿಗ್ ಫೈಲಿನಲ್ಲಿ ಬರೆದು ತಿಳಿಸಬೇಕು.

ಹಂತ 5: ಡಿಎನ್‌ಎಸ್

ಇಲ್ಲಿ ಡಿಗ್ ಮತ್ತು ಗೆಟ್‌ಎಂಟ್ ಎರಡನ್ನೂ ಬಳಸಿ, ಎರಡರ ಉತ್ತರ ಹೋಲಿಸಿ. ಡಿಗ್ ನೇರವಾಗಿ ನೇಮ್‌ಸರ್ವರನ್ನು ಕೇಳುತ್ತದೆ. 'ಗೆಟ್‌ಎಂಟ್ ಹೋಸ್ಟ್ಸ್' ಮುಂದೆ ಹೆಸರು ಕೊಟ್ಟರೆ ಪಿಎಚ್‌ಪಿ ಹೋಗುವ ದಾರಿಯಲ್ಲೇ ಹೋಗುತ್ತದೆ, ಅಂದರೆ ಇಟಿಸಿ ಫೋಲ್ಡರಿನ ಹೋಸ್ಟ್ಸ್ ಫೈಲನ್ನೂ ನೋಡುತ್ತದೆ. ಎರಡೂ ಬೇರೆ ಐಪಿ ಹೇಳಿದರೆ ಹೋಸ್ಟ್ಸ್ ಫೈಲಿನಲ್ಲಿ ಯಾರೋ ಎಂದೋ ಬರೆದ ಹಳೆಯ ಸಾಲು ಉಳಿದಿರಬಹುದು.

ನೇಮ್‌ಸರ್ವರುಗಳ ಪಟ್ಟಿ ಇಟಿಸಿ ಫೋಲ್ಡರಿನ ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿದೆ. ಟೈಪ್ ಮಾಡುವಾಗ ರಿಸಾಲ್ವ್ ಪದದ ಕೊನೆಯ 'ಇ' ಅಕ್ಷರ ಇರುವುದಿಲ್ಲ. ಪಟ್ಟಿಯ ಪ್ರತಿ ಐಪಿಯನ್ನೂ ಬೇರೆಬೇರೆಯಾಗಿ, ಡಿಗ್ ಕಮಾಂಡಿನಲ್ಲಿ @ ಚಿಹ್ನೆ ಹಾಕಿ ಕೇಳಿ. ಗಾಂಧಿಬಜಾರಿನ ಸೈಟನ್ನು ನಾವು ಒಂದು ಹೋಸ್ಟಿಂಗಿನಿಂದ ಇನ್ನೊಂದಕ್ಕೆ ಇಡೀ ಸರ್ವರಿನ ನಕಲಾಗಿ ಎತ್ತಿ ತಂದಿದ್ದೆವು. ರಿಸಾಲ್ವ್ ಫೈಲೂ ಹಾಗೇ ಬಂದಿತ್ತು. ಮೊದಲ ಸಾಲಿನಲ್ಲಿದ್ದದ್ದು ಹಳೆಯ ಡೇಟಾ ಸೆಂಟರಿನ ಒಳಗಿನವರಿಗೆ ಮಾತ್ರ ಉತ್ತರಿಸುವ ನೇಮ್‌ಸರ್ವರ್. ಹೊಸ ಜಾಗದಿಂದ ಕೇಳಿದರೆ ಮೌನ. ಆ ಸಾಲನ್ನು ತೆಗೆದು ಹೊಸ ಹೋಸ್ಟಿಂಗಿನವರ ನೇಮ್‌ಸರ್ವರ್ ಹಾಕಿದ ಮೇಲೆ ಮೊದಲ ಅಂಕಿ ಐದು ಸೆಕೆಂಡಿನಿಂದ ಕೆಲವು ಮಿಲಿಸೆಕೆಂಡಿಗೆ ಇಳಿಯಿತು. ಪ್ಲಗಿನ್ನಿನಲ್ಲಿ ಒಂದಕ್ಷರ ಮುಟ್ಟಬೇಕಾಗಲಿಲ್ಲ.

ಫೈಲನ್ನು ತಿದ್ದುವ ಮುಂಚೆ ಒಂದು ಎಚ್ಚರ. ಅದರಲ್ಲಿ 127.0.0.53 ಎಂದು ಕಂಡರೆ ಸಿಸ್ಟಮ್‌ಡಿ-ರಿಸಾಲ್ವ್‌ಡಿ ಎಂಬ ಸೇವೆ ಅದನ್ನು ನಡೆಸುತ್ತಿದೆ, ನೀವು ಬರೆದದ್ದು ಅಳಿಸಿಹೋಗುತ್ತದೆ. ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಕೊಟ್ಟು ನಿಜವಾದ ನೇಮ್‌ಸರ್ವರ್ ಯಾವುದೆಂದು ನೋಡಿ, ಬದಲಾವಣೆಯನ್ನು ರಿಸಾಲ್ವ್‌ಡಿ ಕಾನ್ಫಿಗ್ ಅಥವಾ ಉಬುಂಟುವಿನ ನೆಟ್‌ಪ್ಲಾನ್ ಫೈಲಿನಲ್ಲಿ ಮಾಡಿ. ಕ್ಲೌಡಿನಲ್ಲಿದ್ದರೆ ಅವರದೇ ರಿಸಾಲ್ವರ್ ಮೊದಲಿರಲಿ. 8.8.8.8 ಅಥವಾ 1.1.1.1 ಹಾಕಿ ಪರೀಕ್ಷಿಸುವುದು ಸರಿ. ಖಾಯಂ ಮಾಡುವ ಮುಂಚೆ ಡೇಟಾಬೇಸ್ ಸರ್ವರಿನಂಥ ಒಳಗಿನ ಹೆಸರುಗಳು ಅವುಗಳಿಗೆ ಗೊತ್ತಿರುವುದಿಲ್ಲ ಎಂಬುದು ನೆನಪಿರಲಿ. ಬದಲಿಸಿದ ಮೇಲೆ ಪಿಎಚ್‌ಪಿ-ಎಫ್‌ಪಿಎಮ್ ರೀಸ್ಟಾರ್ಟ್ ಮಾಡಿ.

ಹಂತ 6: ಹೊರಹೋಗುವ ದಾರಿಯ ಫೈರ್‌ವಾಲ್

ಫೈರ್‌ವಾಲ್ ಅಂದರೆ ಒಳಬರುವವರನ್ನು ತಡೆಯುವುದು ಎಂದಷ್ಟೇ ತಿಳಿದವರು ಹೊರಹೋಗುವ ನಿಯಮಗಳನ್ನು ನೋಡುವುದೇ ಇಲ್ಲ. ಸೋಲುವ ಬಗೆಯೇ ಸುಳಿವು ಕೊಡುತ್ತದೆ. ತಕ್ಷಣ 'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಆ ಪೋರ್ಟಿನಲ್ಲಿ ಯಾರೂ ಕೇಳುತ್ತಿಲ್ಲ, ಅಥವಾ ಫೈರ್‌ವಾಲ್ ಬಾಯಿಬಿಟ್ಟು ಬೇಡ ಎನ್ನುತ್ತಿದೆ. ಏನೂ ಹೇಳದೆ ಕಾದು ಕಾದು 28 ಬಂದರೆ ಎಲ್ಲೋ ಪ್ಯಾಕೆಟ್ಟುಗಳನ್ನು ಸದ್ದಿಲ್ಲದೆ ಎಸೆಯುತ್ತಿದ್ದಾರೆ. 'ನೆಟ್‌ವರ್ಕ್ ಅನ್‌ರೀಚಬಲ್' ಅಂದರೆ ಸರ್ವರಿಗೆ ಹೊರಗಿನ ದಾರಿಯೇ ಗೊತ್ತಿಲ್ಲ. ಐಪಿ ರೂಟ್ ಕಮಾಂಡಿನಲ್ಲಿ ಡೀಫಾಲ್ಟ್ ಸಾಲು ಇದೆಯೇ ನೋಡಿ.

ಯುಎಫ್‌ಡಬ್ಲ್ಯೂ ಇದ್ದರೆ 'ಸ್ಟೇಟಸ್ ವರ್ಬೋಸ್' ಕೊಡಿ; ಔಟ್‌ಗೋಯಿಂಗ್ ಎದುರು ಡಿನೈ ಎಂದಿದ್ದರೆ ಸಿಕ್ಕಿಬಿತ್ತು. ಸಿಎಸ್‌ಎಫ್ ಎಂಬ ಫೈರ್‌ವಾಲ್ ಇರುವ ಸಿಪ್ಯಾನೆಲ್ ಸರ್ವರುಗಳಲ್ಲಿ ಟಿಸಿಪಿ_ಔಟ್ ಪಟ್ಟಿ ನೋಡಿ. ಸಾಮಾನ್ಯವಾಗಿ 443 ಅದರಲ್ಲಿರುತ್ತದೆ, ಆದರೆ ಕೆಲವು ಬಿಲ್ಲಿಂಗ್, ಎಸ್‌ಎಂಎಸ್ ಸೇವೆಗಳು 8443ರಂಥ ಬೇರೆ ಪೋರ್ಟು ಕೇಳುತ್ತವೆ. ಅಮೆಜಾನ್ ಕ್ಲೌಡಿನಲ್ಲಿ ಸೆಕ್ಯೂರಿಟಿ ಗ್ರೂಪ್ ಜೊತೆ ನೆಟ್‌ವರ್ಕ್ ಎಸಿಎಲ್ ಎಂಬ ಎರಡನೇ ಬೇಲಿ ಇದೆ. ಸೆಕ್ಯೂರಿಟಿ ಗ್ರೂಪ್ ಹೊರಹೋದ ಕರೆಯನ್ನು ನೆನಪಿಟ್ಟುಕೊಂಡು ಉತ್ತರವನ್ನು ಒಳಬಿಡುತ್ತದೆ. ಎಸಿಎಲ್‌ಗೆ ಆ ನೆನಪಿಲ್ಲ. ಅದರ ಒಳಬರುವ ನಿಯಮಗಳಲ್ಲಿ 1024ರಿಂದ 65535ರವರೆಗಿನ ಪೋರ್ಟುಗಳಿಗೆ ಅವಕಾಶ ಇಲ್ಲದಿದ್ದರೆ ಬೇಡಿಕೆ ಹೋಗುತ್ತದೆ, ಉತ್ತರ ಬಾಗಿಲಲ್ಲೇ ಸಾಯುತ್ತದೆ. ಪ್ರೈವೇಟ್ ಸಬ್‌ನೆಟ್ಟಿನಲ್ಲಿ ಸರ್ವರ್ ಇಟ್ಟು, ಒಳಗಿನ ಕರೆಗಳನ್ನು ಹೊರಜಾಲಕ್ಕೆ ದಾಟಿಸುವ ನ್ಯಾಟ್ ಗೇಟ್‌ವೇ ಕೊಡದಿದ್ದರಂತೂ ಐಪಿವಿ4ರಲ್ಲಿ ಹೊರಗೆ ಹೋಗಲು ದಾರಿಯೇ ಇಲ್ಲ.

ಮೇಲ್ ಕಳಿಸುವ ಪ್ಲಗಿನ್ ಮಾತ್ರ ಸೋಲುತ್ತಿದ್ದರೆ 25ನೇ ಪೋರ್ಟನ್ನು ಬಿಟ್ಟು 587ಕ್ಕೆ ಬನ್ನಿ. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ 25 ಮೊದಲಿನಿಂದಲೇ ಮುಚ್ಚಿರುತ್ತದೆ.

ಫೈರ್‌ವಾಲ್ ಮುಟ್ಟುವಾಗ ಎರಡನೆಯ ಎಸ್‌ಎಸ್‌ಎಚ್ ಕಿಟಕಿ ತೆರೆದಿಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ, ಮೊದಲಿದ್ದದ್ದನ್ನು ಬರೆದಿಟ್ಟುಕೊಳ್ಳಿ.

ಹಂತ 7: ಐಪಿವಿ6 ಮತ್ತು ನಿಮ್ಮ ಹೊರ ಐಪಿ

ಕರ್ಲ್‌ಗೆ ಒಮ್ಮೆ -4, ಇನ್ನೊಮ್ಮೆ -6 ಕೊಟ್ಟು ನೋಡಿ. -4 ಚಕ್ಕನೆ ಉತ್ತರಿಸಿ -6 ನಿಂತುಬಿಟ್ಟರೆ ಸರ್ವರಿಗೆ ಐಪಿವಿ6 ವಿಳಾಸ ಇದೆ, ದಾರಿ ಮಾತ್ರ ಮುರಿದಿದೆ. ದಾರಿ ಸರಿಮಾಡಿಸುವುದೇ ಪರಿಹಾರ. ಅಲ್ಲಿಯವರೆಗೆ ಇಟಿಸಿ ಫೋಲ್ಡರಿನ ಜಿಎಐ ಡಾಟ್ ಕಾನ್ಫ್ ಫೈಲಿನಲ್ಲಿ ಐಪಿವಿ4ಕ್ಕೆ ಆದ್ಯತೆ ಕೊಡುವ, 100 ಎಂದು ಕೊನೆಯಾಗುವ ಸಾಲಿನ ಮುಂದಿನ ಹ್ಯಾಶ್ ತೆಗೆದು ಕೆಲಸ ಸಾಗಿಸಬಹುದು.

ಪಾವತಿ, ಎಸ್‌ಎಂಎಸ್, ಬ್ಯಾಂಕಿನ ಸೇವೆಗಳು ಎಷ್ಟೋ ಸಲ ಮೊದಲೇ ನೋಂದಾಯಿಸಿದ ಐಪಿಯಿಂದ ಬಂದ ಕರೆಗಳನ್ನಷ್ಟೇ ಒಪ್ಪುತ್ತವೆ. ಸರ್ವರ್ ಬದಲಿಸಿದಾಗ ಐಪಿಯೂ ಬದಲಾಗುತ್ತದೆ, ನೋಂದಣಿ ಹಳೆಯದೇ ಉಳಿಯುತ್ತದೆ. ಇನ್ನೂ ಸೂಕ್ಷ್ಮವಾದದ್ದು: ನೀವು ಐಪಿವಿ4 ನೋಂದಾಯಿಸಿದ್ದೀರಿ, ಸರ್ವರಿಗೆ ಐಪಿವಿ6 ಬಂದ ದಿನದಿಂದ ಅದು ಆ ದಾರಿಯಲ್ಲೇ ಹೋಗುತ್ತಿದೆ, ಎದುರಿನಿಂದ 403. ಸೈಟಿನ ಡೊಮೈನ್ ತೋರಿಸುವ ಐಪಿಯನ್ನೇ ನಿಮ್ಮ ಹೊರ ಐಪಿ ಎಂದುಕೊಳ್ಳಬೇಡಿ. ಸೈಟಿನ ಪರವಾಗಿ ಕರೆಗಳನ್ನು ಸ್ವೀಕರಿಸುವ ಕ್ಲೌಡ್‌ಫ್ಲೇರ್ ಸೇವೆ ಮುಂದಿದ್ದರೆ ಅದು ಅವರ ವಿಳಾಸ. ಕೇಳಿದವರ ಐಪಿಯನ್ನು ಹೇಳುವ ಸೇವೆಯೊಂದನ್ನು ಸರ್ವರಿನಿಂದಲೇ ಕರೆದು, -4 ಮತ್ತು -6 ಎರಡರಲ್ಲೂ ಕಂಡದ್ದನ್ನು ಬರೆದುಕೊಂಡು, ಎರಡನ್ನೂ ನೋಂದಾಯಿಸಿ.

ಹಂತ 8: ಟಿಎಲ್‌ಎಸ್, ಗಡಿಯಾರ, ಎಂಟಿಯು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಚೇರಿಯಲ್ಲೇ ಇಟ್ಟ ಸರ್ವರ್. ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಎಲ್ಲ ಪ್ಲಗಿನ್‌ಗಳಿಗೂ 60ನೇ ಸಂಖ್ಯೆ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತು ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ಸರ್ವರಿನ ಲೆಕ್ಕದಲ್ಲಿ ಜಗತ್ತಿನ ಸರ್ಟಿಫಿಕೇಟುಗಳೆಲ್ಲ ಇನ್ನೂ ಹುಟ್ಟಿರಲಿಲ್ಲ. ಗಡಿಯಾರ ತಾನಾಗಿ ಸರಿಹೋಗಬೇಕಿತ್ತು. ಸಮಯ ಕೇಳಲು ಬೇಕಾದ ಯುಡಿಪಿ 123ನೇ ಪೋರ್ಟನ್ನು ಕಚೇರಿಯ ಫೈರ್‌ವಾಲ್ ಮುಚ್ಚಿತ್ತು. ಬ್ಯಾಟರಿ ಬದಲಿಸಿ, ಪೋರ್ಟು ತೆರೆದ ಮೇಲೆ ಸರಿಹೋಯಿತು. 35 ಅಥವಾ 60 ಕಂಡರೆ ನಾನು ಈಗ ಮೊದಲು ಹೊಡೆಯುವುದು ಟೈಮ್‌ಡೇಟ್‌ಸಿಟಿಎಲ್.

ಗಡಿಯಾರ ಸರಿಯಿದ್ದರೆ ನಂಬಿಕೆಯ ಪಟ್ಟಿ ಹಳೆಯದಾಗಿರಬಹುದು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಆಧರಿಸಿದ್ದ ಹಳೆಯ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿದಾಗ ಹಳೆಯ ಓಪನ್‌ಎಸ್‌ಎಸ್‌ಎಲ್ ಇದ್ದ ಸರ್ವರುಗಳು ಒಮ್ಮೆಗೇ ಮುಗ್ಗರಿಸಿದವು. ಡೆಬಿಯನ್, ಉಬುಂಟುಗಳಲ್ಲಿ ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜನ್ನು ಅಪ್‌ಡೇಟ್ ಮಾಡಿ. ವರ್ಡ್‌ಪ್ರೆಸ್ ತನ್ನದೇ ಸರ್ಟಿಫಿಕೇಟ್ ಪಟ್ಟಿಯನ್ನೂ ಇಟ್ಟುಕೊಂಡಿರುತ್ತದೆ, ಆದ್ದರಿಂದ ವರ್ಡ್‌ಪ್ರೆಸ್ಸನ್ನೂ ಹೊಸತಾಗಿಡಬೇಕು. ಎಸ್‌ಎಸ್‌ಎಲ್‌ವೆರಿಫೈ ಫಾಲ್ಸ್ ಮಾಡಿ, ಅಂದರೆ ಸರ್ಟಿಫಿಕೇಟ್ ಪರೀಕ್ಷೆಯನ್ನೇ ನಿಲ್ಲಿಸಿ, ದಾಟಿಬಿಡುವ ಉಪಾಯ ಬೇಡವೇ ಬೇಡ. ಅಲ್ಲಿ ಹರಿಯುವುದು ಗ್ರಾಹಕರ ಹಣ, ವಿಳಾಸ, ಫೋನ್ ನಂಬರು.

ಸಂಪರ್ಕ ಆಗುತ್ತದೆ, ಟಿಎಲ್‌ಎಸ್ ಶುರುವಾದ ಮೇಲೆ ಮೌನ. ಚಿಕ್ಕ ಉತ್ತರಗಳು ಬರುತ್ತವೆ, ದೊಡ್ಡವು ಬರುವುದಿಲ್ಲ. ಇದು ಎಂಟಿಯು ಲಕ್ಷಣ. ಸಾಮಾನ್ಯ ಎತರ್ನೆಟ್ಟಿನ ಎಂಟಿಯು 1500. ಪಿಪಿಪಿಒಇ ಬ್ರಾಡ್‌ಬ್ಯಾಂಡಿನಲ್ಲಿ 1492. ವಿಪಿಎನ್ ಸುರಂಗಗಳಲ್ಲಿ ಇನ್ನೂ ಕಡಿಮೆ. ಪಿಂಗ್‌ಗೆ ದೊಡ್ಡಕ್ಷರದ -ಎಂ ಡು ಮತ್ತು -ಎಸ್ 1472 ಕೊಡಿ. 28 ಬೈಟ್ ತಲೆಬರಹ ಸೇರಿ 1500 ಆಗುತ್ತದೆ. ಹೋಗದಿದ್ದರೆ ಇಳಿಸುತ್ತ ಬನ್ನಿ, ಹೋದ ಸಂಖ್ಯೆಗೆ 28 ಸೇರಿಸಿ ಇಂಟರ್‌ಫೇಸಿನ ಎಂಟಿಯು ಮಾಡಿ. ಡಾಕರ್ ಬಳಸುವವರು ಕಂಟೇನರಿನ ಒಳಗಿನ ಎಂಟಿಯು ಬೇರೆಯೇ ಇರಬಹುದೆಂದು ನೋಡಬೇಕು.

ಹಂತ 9: ಹೊರಗಿನಿಂದ ಒಳಕ್ಕೆ

ಪಾವತಿ ಆಯಿತು ಎಂದು ಗೇಟ್‌ವೇ ನಿಮ್ಮ ಸೈಟಿಗೆ ಹೇಳುವುದು ವೆಬ್‌ಹುಕ್ ಮೂಲಕ, ಅಂದರೆ ಕರೆ ಹೊರಗಿನಿಂದ ಬರಬೇಕು. ರಾಜಾಜಿನಗರದ ಗೆಳೆಯರೊಬ್ಬರು ಕಚೇರಿಯ ಕಂಪ್ಯೂಟರಿನಲ್ಲೇ ಸೈಟ್ ಇಟ್ಟು ಪರೀಕ್ಷಿಸುತ್ತಿದ್ದರು. ದುಡ್ಡು ಹೋಗುತ್ತಿತ್ತು, ಆರ್ಡರ್ ಮಾತ್ರ 'ಪಾವತಿ ಬಾಕಿ'. ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಸರಿಯಾಗಿಯೇ ಇತ್ತು. ರೌಟರಿಗೆ ಸಿಕ್ಕಿದ್ದ ವಿಳಾಸ ನೋಡಿದರೆ 100.64ರಿಂದ 100.127ರ ನಡುವಿನದು; ಒಂದೇ ಸಾರ್ವಜನಿಕ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚುವ ಸಿಜಿನ್ಯಾಟ್ ವ್ಯವಸ್ಥೆ ಅದು. ಹೊರಗಿನವರು ಅಲ್ಲಿಗೆ ನೇರವಾಗಿ ಬರಲಾಗದು. ಸ್ಥಿರ ಐಪಿ ಕೊಳ್ಳಬೇಕು, ಇಲ್ಲವೇ ಸೈಟನ್ನು ಕ್ಲೌಡಿಗೆ ಸಾಗಿಸಬೇಕು.

ಸೈಟ್ ಕ್ಲೌಡಿನಲ್ಲೇ ಇದ್ದರೂ ವೆಬ್‌ಹುಕ್ ಬರುತ್ತಿಲ್ಲವೇ? ಕಚೇರಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಆ ವಿಳಾಸ ಕರೆದು ನೋಡಿ. ವೆಬ್ ಸರ್ವರಿನ ಆಕ್ಸೆಸ್ ಲಾಗಿನಲ್ಲಿ ಗೇಟ್‌ವೇಯ ಕರೆ ಬಂದಿರುವ ಗುರುತೇ ಇಲ್ಲದಿದ್ದರೆ ಮುಂದಿನ ಯಾವುದೋ ಫೈರ್‌ವಾಲ್ ತಡೆದಿದೆ. ಹೊರದೇಶದ ಐಪಿಗಳನ್ನೆಲ್ಲ ಮುಚ್ಚಿದ್ದೀರಾ ನೋಡಿ. 403 ಎಂದು ಬರೆದಿದ್ದರೆ ತಡೆದದ್ದು ಮಾಡ್‌ಸೆಕ್ಯೂರಿಟಿ (ವೆಬ್ ಸರ್ವರಿನೊಳಗಿನ ಫೈರ್‌ವಾಲ್) ಅಥವಾ ಭದ್ರತಾ ಪ್ಲಗಿನ್. 301 ಇದ್ದರೆ ಗೇಟ್‌ವೇಯಲ್ಲಿ ಕೊಟ್ಟ ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇಲ್ಲ ಅಥವಾ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹೆಚ್ಚುಕಡಿಮೆಯಾಗಿದೆ. ಆ ತಿರುವಿನಲ್ಲಿ ಮಾಹಿತಿ ಉದುರಿಹೋಗುತ್ತದೆ.

ಸೈಟ್ ತನ್ನನ್ನೇ ಕರೆಯುವ ಲೂಪ್‌ಬ್ಯಾಕ್ ಸೋತರೆ ನಿಗದಿತ ಕೆಲಸಗಳು ನಿಲ್ಲುತ್ತವೆ. ಒಳಗಿನಿಂದ ಹೊರಟ ಕರೆ ಸಾರ್ವಜನಿಕ ಐಪಿ ಸುತ್ತಿ ಮರಳಿ ಬರಲಾಗದ ಜಾಲಗಳಲ್ಲಿ ಹೋಸ್ಟ್ಸ್ ಫೈಲಿನಲ್ಲಿ ಸೈಟಿನ ಹೆಸರಿಗೆ ಸರ್ವರಿನ ಒಳ ಐಪಿ ಬರೆದರೆ ಸಾಕು.

ಹಂತ 10: ಶೇರ್ಡ್ ಹೋಸ್ಟಿಂಗಿನಲ್ಲಿದ್ದರೆ ಬರೆಯಬೇಕಾದ ಪತ್ರ

ರೂಟ್ ಅನುಮತಿ ಇಲ್ಲದವರಿಗೆ ಹಂತ 1, 2 ಮತ್ತು ಹಂತ 4ರ ಪಿಎಚ್‌ಪಿ ಫೈಲು ಮಾತ್ರ ಕೈಯಲ್ಲಿದೆ. ಉಳಿದದ್ದನ್ನು ಹೋಸ್ಟಿಂಗಿನವರು ಮಾಡಬೇಕು. 'ಪ್ಲಗಿನ್ ಕೆಲಸ ಮಾಡುತ್ತಿಲ್ಲ' ಎಂದು ಬರೆದರೆ 'ಪ್ಲಗಿನ್ ಬರೆದವರನ್ನು ಕೇಳಿ' ಎಂಬ ಉತ್ತರ ಬರುತ್ತದೆ. ಹೀಗೆ ಬರೆಯಿರಿ: "ನಮ್ಮ ಖಾತೆಯ ಸರ್ವರಿನಿಂದ ಇಂಥ ಹೆಸರಿನ 443ನೇ ಪೋರ್ಟಿಗೆ ಹೊರಹೋಗುವ ಸಂಪರ್ಕ ಸೋಲುತ್ತಿದೆ. ಸಂದೇಶ ಇದು. ಸಮಯ ಭಾರತೀಯ ಕಾಲಮಾನ ಇಷ್ಟು, ಯುಟಿಸಿ ಇಷ್ಟು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ಗೆ ಇದೇ ಪರೀಕ್ಷೆ ಸರಿಯಾಗಿದೆ. ಹೊರಹೋಗುವ ಫೈರ್‌ವಾಲ್ ಮತ್ತು ರಿಸಾಲ್ವರನ್ನು ಪರೀಕ್ಷಿಸಿ, ನಮ್ಮ ಹೊರ ಐಪಿ ಯಾವುದೆಂದು ತಿಳಿಸಿ." ಸಂದೇಶವನ್ನು ಅನುವಾದಿಸದೆ ಇದ್ದಂತೆಯೇ ಅಂಟಿಸಿ. ಲಾಗುಗಳು ಎಷ್ಟೋ ಕಡೆ ಯುಟಿಸಿಯಲ್ಲಿರುವುದರಿಂದ ಐದೂವರೆ ಗಂಟೆಯ ವ್ಯತ್ಯಾಸ ನೀವೇ ಲೆಕ್ಕ ಹಾಕಿ ಕೊಟ್ಟರೆ ಅವರ ಹುಡುಕಾಟ ಬೇಗ ಮುಗಿಯುತ್ತದೆ.

ಹಂತ 11: ರೀಬೂಟ್ ಮಾಡಿ ಮತ್ತೆ ಅಳೆಯಿರಿ

ಸರಿಹೋಯಿತು ಎಂದು ಲ್ಯಾಪ್‌ಟಾಪ್ ಮುಚ್ಚುವ ಮೊದಲು ಪರೀಕ್ಷಾ ಫೈಲು ಅಳಿಸಿ, ಡೀಬಗ್ ಆರಿಸಿ, ಲಾಗ್ ತೆಗೆಯಿರಿ. ಆರ್ಡರ್ ಕಡಿಮೆಯಿರುವ ಹೊತ್ತು ನೋಡಿ ಸರ್ವರನ್ನು ಒಮ್ಮೆ ರೀಬೂಟ್ ಮಾಡಿ. ಕೈಯಲ್ಲಿ ಹಾಕಿದ ಐಪಿಟೇಬಲ್ಸ್ ನಿಯಮ, ತಿದ್ದಿದ ರಿಸಾಲ್ವ್ ಫೈಲು, ಇಳಿಸಿದ ಎಂಟಿಯು ಇವೆಲ್ಲ ಉಳಿಸದಿದ್ದರೆ ಆಗಲೇ ಮಾಯವಾಗುವುದು. ಗಾಂಧಿಬಜಾರಿನ ಸರ್ವರನ್ನು ನಾನು ರಾತ್ರಿ ಹನ್ನೊಂದೂವರೆಗೆ ರೀಬೂಟ್ ಮಾಡಿದೆ. ನಾಲ್ಕು ಅಂಕಿಗಳನ್ನು ಮತ್ತೆ ಬರೆಸಿಕೊಂಡು ಹಿಂದಿನವುಗಳ ಪಕ್ಕ ಇಟ್ಟು ನೋಡಿ, ಬೆಳಗಾವಿಯ ಒಂದು ಪಿನ್‌ಕೋಡ್ ಹಾಕಿದೆ. ದರ ಬಂತು. ಯಜಮಾನರಿಗೆ ಅದರ ಸ್ಕ್ರೀನ್‌ಶಾಟ್ ಕಳಿಸಿ ಮಲಗಿದೆ.